ಒಂದೇ ನೆಗೆಟಿವ್, ನಲವತ್ತು ವರ್ಷ: ಆನ್ಸೆಲ್ ಆಡಮ್ಸ್ ಕೆಲಸ ಮಾಡಿದ ಬಗೆ

ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡುತ್ತಿರುವ ಚಿತ್ರವನ್ನು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ತೆಗೆದದ್ದು 1941ರಲ್ಲಿ. ಕಪ್ಪು-ಬಿಳುಪು ಛಾಯಾಗ್ರಹಣದ ಗೀಳಿರುವ ಎಲ್ಲರೂ ಎಲ್ಲಾದರೂ ಅದನ್ನು ಕಂಡೇ ಇರುತ್ತಾರೆ. ಅರ್ಧಕ್ಕಿಂತ ಹೆಚ್ಚು ಜಾಗ ಕಪ್ಪು ಆಕಾಶ, ಅದರಲ್ಲೊಂದು ಪುಟ್ಟ ಚಂದ್ರ, ಕೆಳಗೆ ಹೊಳೆಯುವ ಮೋಡಗಳ ಪಟ್ಟಿ, ಹಿಮದ ಬೆಟ್ಟ, ಮಣ್ಣಿನ ಮನೆಗಳು, ಚರ್ಚು, ಸ್ಮಶಾನದ ಬಿಳಿ ಶಿಲುಬೆಗಳು. ಮೊದಲ ಸಲ ನೋಡಿದವರು ಇದು ರಾತ್ರಿಯ ಚಿತ್ರ ಅಂದುಕೊಳ್ಳುತ್ತಾರೆ. ಆದರೆ ತೆಗೆದದ್ದು ಸಂಜೆ ಐದು ಗಂಟೆಗೂ ಮುಂಚೆ, ಶಿಲುಬೆಗಳ ಮೇಲೆ ಇನ್ನೂ ಬಿಸಿಲಿದ್ದಾಗ. ಆ ನೆಗೆಟಿವಿನಿಂದ ಯಾವ ಕೈಚಳಕವೂ ಇಲ್ಲದೆ ನೇರವಾಗಿ ಪ್ರಿಂಟ್ ತೆಗೆದರೆ ಆಕಾಶ ಬೂದುಬಣ್ಣಕ್ಕೆ ಬರುತ್ತದೆ, ಅಡ್ಡಡ್ಡ ತೆಳು ಮೋಡದ ಗೆರೆಗಳು ಕಾಣುತ್ತವೆ, ಮುಂಭಾಗ ಸಪ್ಪೆಯಾಗಿರುತ್ತದೆ. ನಾವು ನೋಡಿರುವ ಚಿತ್ರ ಆ ನೆಗೆಟಿವಿನಲ್ಲಿ ಇಲ್ಲವೇ ಇಲ್ಲ ಅಂದರೂ ನಡೆಯುತ್ತದೆ.

ಆಡಮ್ಸ್ ಬಗ್ಗೆ ಬರೆಯುವವರು ಬಹುತೇಕ ಅವನ ತಾಳ್ಮೆ, ಬೆಟ್ಟ, ಬೆಳಕು ಅಂತ ಬರೆದು ಮುಗಿಸುತ್ತಾರೆ. ನನ್ನ ಪ್ರಕಾರ ಅವನನ್ನು ಅರ್ಥ ಮಾಡಿಕೊಳ್ಳಬೇಕಾದ ಜಾಗ ಫಿಲ್ಮ್ ತೊಳೆದು ಪ್ರಿಂಟ್ ತೆಗೆಯುವ ಕತ್ತಲೆಕೋಣೆ, ಅಂದರೆ ಡಾರ್ಕ್‌ರೂಮ್. ಕಂಡದ್ದಕ್ಕೂ ಕಾಗದದ ಮೇಲೆ ಬರಬೇಕಾದದ್ದಕ್ಕೂ ನಡುವೆ ಇರುವ ದೂರವನ್ನು ಅಳೆದು, ಲೆಕ್ಕ ಹಾಕಿ, ಹತೋಟಿಗೆ ತಂದುಕೊಳ್ಳುವುದರಲ್ಲೇ ಅವನ ಆಯುಷ್ಯ ಕಳೆಯಿತು. ಆ ಲೆಕ್ಕಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತವೆ. ಅದಕ್ಕೇ ಇಲ್ಲಿ ಜೀವನ ಚರಿತ್ರೆ ಕಡಿಮೆ, ಲೆಕ್ಕ ಜಾಸ್ತಿ.

ಆಡಮ್ಸ್ ಹುಟ್ಟಿದ್ದು 1902ರ ಫೆಬ್ರುವರಿ 20ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹನ್ನೆರಡನೆಯ ವಯಸ್ಸಿಗೆ ಪಿಯಾನೋ ಹಿಡಿದ. ಶಾಲೆ ಎಂಟನೇ ತರಗತಿಗೇ ನಿಂತಿತು, ಪಿಯಾನೋ ನಿಲ್ಲಲಿಲ್ಲ. 1916ರಲ್ಲಿ ಅಪ್ಪ ಅಮ್ಮನ ಜೊತೆ ಕ್ಯಾಲಿಫೋರ್ನಿಯಾದ ಯೋಸೆಮಿಟಿ ಕಣಿವೆಗೆ ಹೋದಾಗ ಅವರು ಕೊಡಿಸಿದ ಕೊಡಾಕ್ ಬಾಕ್ಸ್ ಬ್ರೌನಿಯಲ್ಲಿ ಮೊದಲ ಚಿತ್ರಗಳನ್ನು ತೆಗೆದ. ಆಮೇಲೆ ಊರಿನ ಒಂದು ಫೋಟೋ ಫಿನಿಶಿಂಗ್ ಅಂಗಡಿಯಲ್ಲಿ ಕೆಲಸ ಕಲಿತ. ಮೂವತ್ತರ ಹತ್ತಿರ ಬರುವ ತನಕವೂ ಪಿಯಾನೋ ವಾದಕನಾಗುವುದೇ ಅವನ ಉದ್ದೇಶವಾಗಿತ್ತು. ನೆಗೆಟಿವ್ ಸ್ವರಲಿಪಿ ಇದ್ದಂತೆ, ಪ್ರಿಂಟ್ ಸಂಗೀತ ಕಛೇರಿ ಇದ್ದಂತೆ ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಬಂದದ್ದು ಅಲ್ಲಿಂದ. ದಿನಕ್ಕೆ ಗಂಟೆಗಟ್ಟಲೆ ಒಂದೇ ಪಾಠವನ್ನು ಸಾಧಕ ಮಾಡಿದವನಿಗೆ ಒಂದೇ ನೆಗೆಟಿವನ್ನು ನೂರಾರು ಸಲ ಪ್ರಿಂಟ್ ಮಾಡುವುದು ಬೇಸರದ ಕೆಲಸ ಅನ್ನಿಸಿರಲಾರದು.

ಮೊದಲ ದೊಡ್ಡ ತಿರುವು 1927ರ ಏಪ್ರಿಲ್. ಯೋಸೆಮಿಟಿಯ ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಕಡಿದಾದ ಮುಖವನ್ನು ಎದುರಿನಿಂದ ತೆಗೆಯಲು ಗೆಳೆಯರೊಂದಿಗೆ ಹಿಮದಲ್ಲಿ ಹತ್ತಿದ್ದ. ಬೆನ್ನಿನ ಮೇಲೆ ಆರೂವರೆ-ಎಂಟೂವರೆ ಇಂಚಿನ ಕೊರೋನಾ ವ್ಯೂ ಕ್ಯಾಮೆರಾ, ಟ್ರೈಪಾಡ್, ಫಿಲ್ಟರುಗಳು, ಹನ್ನೆರಡು ಗಾಜಿನ ಪ್ಲೇಟುಗಳು. ಬೇಕಾದ ಜಾಗಕ್ಕೆ ಬರುವ ಹೊತ್ತಿಗೆ ಉಳಿದಿದ್ದದ್ದು ಎರಡೇ ಪ್ಲೇಟು. ಮೊದಲನೆಯದನ್ನು ಕೆ2 ಎಂಬ ಹಳದಿ ಫಿಲ್ಟರ್ ಹಾಕಿ ತೆಗೆದ. ಆಗಿನ ರೂಢಿ ಅದೇ. ಹಳದಿ ಫಿಲ್ಟರ್ ನೀಲಿಯನ್ನು ಸ್ವಲ್ಪ ತಡೆದು ಆಕಾಶವನ್ನು ಕಣ್ಣಿಗೆ ಕಾಣುವಷ್ಟೇ ದಟ್ಟ ಮಾಡುತ್ತದೆ. ಪ್ಲೇಟಿಗೆ ಬೆಳಕು ತಾಗದಂತೆ ಕಾಯುವ ಡಾರ್ಕ್ ಸ್ಲೈಡ್ ಮುಚ್ಚುವಾಗ ಅವನಿಗೆ ಹೊಳೆದದ್ದು, ಬಂಡೆಯ ಗಾಂಭೀರ್ಯ ಈ ಪ್ಲೇಟಿನಲ್ಲಿ ಬರುವುದಿಲ್ಲ ಎಂದು. ಉಳಿದೊಂದು ಪ್ಲೇಟಿಗೆ 29 ನಂಬರಿನ ಕಡುಗೆಂಪು ಫಿಲ್ಟರ್ ಹಾಕಿದ. ಆ ಫಿಲ್ಟರಿನ ಗುಣಕ 16, ಅಂದರೆ ನಾಲ್ಕು ಸ್ಟಾಪ್ ಬೆಳಕನ್ನು ಅದು ನುಂಗುತ್ತದೆ; ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ. ಲೆನ್ಸಿನ ಕಂಡಿಯನ್ನು ಎಫ್/22ಕ್ಕೆ ಇಟ್ಟು (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಕಿರಿದು) ಐದು ಸೆಕೆಂಡು ಎಕ್ಸ್‌ಪೋಷರ್ ಕೊಟ್ಟ. ನೀಲಿ ಆಕಾಶ ಕಪ್ಪಾಯಿತು. ನೆರಳಿನ ಬೆಳಕೂ ಆಕಾಶದಿಂದಲೇ ಬರುವ ನೀಲಿ ಬೆಳಕಾದ್ದರಿಂದ ಬಂಡೆಯ ನೆರಳುಗಳೂ ಕಪ್ಪಿಗಿಳಿದವು. ಹಿಮ ಮಾತ್ರ ಬೆಳ್ಳಗೆ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕೆಂಪು ಫಿಲ್ಟರ್ ಹಾಕಿದರೆ ನಾಟಕೀಯ ಆಕಾಶ ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ ಎಷ್ಟೋ ಫಿಲ್ಮ್ ಹಾಳಾಗಿದೆ. ಆಕಾಶ ನೀಲಿಯಾಗಿಯೇ ಇರಬೇಕು. ಮಂಜು, ಧೂಳು, ತೇವ ತುಂಬಿದ ಬಿಳಿಚು ಆಕಾಶದಲ್ಲಿ ತಡೆಯುವುದಕ್ಕೆ ನೀಲಿಯೇ ಇರುವುದಿಲ್ಲ, ಹಾಗಾಗಿ ಫಿಲ್ಟರ್ ಸುಮ್ಮನೆ ನಾಲ್ಕು ಸ್ಟಾಪ್ ತಿಂದು ಕೂರುತ್ತದೆ. ಹಸಿರು ಗಿಡಗಳೂ ಕಪ್ಪಾಗುತ್ತವೆ. ಒಣಹವೆಯ ಎತ್ತರದ ಸಿಯೆರಾ ಬೆಟ್ಟಗಳಲ್ಲಿ ನಡೆದದ್ದು ಮಳೆಗಾಲದ ಮಲೆನಾಡಿನಲ್ಲಿ ನಡೆಯುವುದಿಲ್ಲ. ಅಲ್ಲಿ ಹಳದಿ-ಹಸಿರು ಫಿಲ್ಟರ್ ಮೇಲು.

ತೆಗೆಯುವ ಮುಂಚೆಯೇ ಕೊನೆಯ ಪ್ರಿಂಟನ್ನು ಮನಸ್ಸಿನಲ್ಲಿ ಕಾಣುವುದನ್ನು ಆಡಮ್ಸ್ ಆಮೇಲೆ ಜೀವನವಿಡೀ ಬೋಧಿಸಿದ. ಆದರೆ ಕಂಡರೆ ಸಾಲದು, ಕಂಡಂತೆಯೇ ಬರಬೇಕು. 1927ರಲ್ಲಿ ಅದು ಬಂದದ್ದು ಅರ್ಧ ಅನುಭವದಿಂದ, ಅರ್ಧ ಅದೃಷ್ಟದಿಂದ. ಮುಂದಿನ ಹದಿನೈದು ವರ್ಷ ಆ ಅದೃಷ್ಟದ ಪಾಲನ್ನು ಕಡಿಮೆ ಮಾಡುವುದರಲ್ಲಿ ಹೋಯಿತು.

1930ರಲ್ಲಿ ನ್ಯೂ ಮೆಕ್ಸಿಕೋದ ಟಾವೋಸ್ ಎಂಬಲ್ಲಿ ಛಾಯಾಗ್ರಾಹಕ ಪಾಲ್ ಸ್ಟ್ರ್ಯಾಂಡ್ ತನ್ನ ನೆಗೆಟಿವ್‌ಗಳನ್ನು ಆಡಮ್ಸ್‌ಗೆ ತೋರಿಸಿದ. ಪ್ರಿಂಟ್ ಅಲ್ಲ, ಬರೀ ನೆಗೆಟಿವ್. ಪಿಯಾನೋ ಬಿಟ್ಟು ಕ್ಯಾಮೆರಾ ಹಿಡಿಯುವ ತೀರ್ಮಾನ ಅಲ್ಲಿಂದ ಗಟ್ಟಿಯಾಯಿತು. ಅಲ್ಲಿಯವರೆಗೆ ಒರಟು ಮೈಯ, ಬೆಚ್ಚನೆ ಬಣ್ಣದ ಕಾಗದಗಳನ್ನು ಬಳಸುತ್ತಿದ್ದವನು ನುಣುಪು ಹೊಳಪಿನ ಕಾಗದಕ್ಕೆ ಬಂದ. 1932ರಲ್ಲಿ ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್, ವಿಲ್ಲರ್ಡ್ ವ್ಯಾನ್ ಡೈಕ್ ಮುಂತಾದವರ ಜೊತೆ ಸೇರಿ ಕಟ್ಟಿದ ಗುಂಪಿನ ಹೆಸರೇ ಎಫ್/64. ದೊಡ್ಡ ಕ್ಯಾಮೆರಾದ ಲೆನ್ಸಿನ ಅತಿ ಕಿರಿದಾದ ಕಂಡಿ ಅದು. ಹತ್ತಿರದ ಹುಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಚೂಪಾಗಿರಬೇಕು ಎಂಬುದು ಅವರ ಪಟ್ಟು. ಇದನ್ನು ಓದಿ ಇವತ್ತಿನ ಫುಲ್‌ಫ್ರೇಮ್ ಡಿಜಿಟಲ್ ಕ್ಯಾಮೆರಾದಲ್ಲಿ ಎಫ್/22ಕ್ಕೆ ಇಳಿಸಿದರೆ ಚಿತ್ರ ಇನ್ನಷ್ಟು ಮಸುಕಾಗುತ್ತದೆ. ಕಿರಿದಾದ ಕಂಡಿಯಲ್ಲಿ ಬೆಳಕು ಚದುರಿ ಮೂಡಿಸುವ ಮಸುಕು ಎಲ್ಲ ಕ್ಯಾಮೆರಾದಲ್ಲೂ ಇದ್ದದ್ದೇ. 8-10 ಇಂಚಿನ ನೆಗೆಟಿವನ್ನು ಅಷ್ಟೇ ಗಾತ್ರಕ್ಕೆ ಪ್ರಿಂಟ್ ಮಾಡಿದರೆ ಆ ಮಸುಕು ದೊಡ್ಡದಾಗುವುದಿಲ್ಲ, ಒಂದು ಇಂಚಿನಷ್ಟೇ ಎತ್ತರದ ಫುಲ್‌ಫ್ರೇಮ್ ಸೆನ್ಸರಿನದು ಎಂಟು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಫುಲ್‌ಫ್ರೇಮಿನಲ್ಲಿ ಎಫ್/8ರಿಂದ ಎಫ್/11ರೊಳಗೆ ಇದ್ದುಕೊಂಡು, ಬೇಕಾದರೆ ಎರಡು ಫೋಕಸ್‌ಗಳಲ್ಲಿ ತೆಗೆದು ಕೂಡಿಸುವುದು ಒಳ್ಳೆಯದು.

ಕಪ್ಪಿನಿಂದ ಬಿಳುಪಿನವರೆಗಿನ ಛಾಯೆಗಳಿಗೆ ಸಂಖ್ಯೆ ಕೊಟ್ಟು ಎಕ್ಸ್‌ಪೋಷರ್ ಲೆಕ್ಕ ಹಾಕುವ ಜೋನ್ ಸಿಸ್ಟಮ್ ಹುಟ್ಟಿದ್ದು 1939-40ರ ಸುಮಾರಿಗೆ, ಲಾಸ್ ಏಂಜಲಿಸ್‌ನ ಆರ್ಟ್ ಸೆಂಟರ್ ಶಾಲೆಯಲ್ಲಿ. ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಇಬ್ಬರೂ ಅಲ್ಲಿ ಪಾಠ ಹೇಳುತ್ತಿದ್ದರು. ಇದರ ಹೆಸರು ಕೇಳಿ ಹೆದರುವವರಿದ್ದಾರೆ. ಹೆದರುವಂಥದ್ದು ಏನೂ ಇಲ್ಲ. ಶುದ್ಧ ಕಪ್ಪು 0, ಕಾಗದದ ಶುದ್ಧ ಬಿಳುಪು 10, ನಡುವಿನ ಬೂದು 5. ಒಂದು ಜೋನಿಗೂ ಮುಂದಿನದಕ್ಕೂ ಒಂದು ಸ್ಟಾಪ್ ವ್ಯತ್ಯಾಸ, ಅಂದರೆ ಬೆಳಕು ದುಪ್ಪಟ್ಟು. ಮೇಲ್ಮೈಯ ತರಿ, ನೂಲು, ಗೆರೆ ಕಾಣುವುದು 2ರಿಂದ 8ರವರೆಗೆ. ಒಳ್ಳೆಯ ವಿವರವಿರುವ ನೆರಳು 3. ಬಿಸಿಲು ಬಿದ್ದ ಬಿಳಿಯ ಚರ್ಮ 6. ವಿವರವಿರುವ ಬಿಳುಪು 7ರಿಂದ 8.

ಬೆಳಕು ಅಳೆಯುವ ಮೀಟರಿನ ಮೂಲ ಸ್ವಭಾವ ಏನೆಂದರೆ, ಅದಕ್ಕೆ ಏನು ತೋರಿಸಿದರೂ 5 ಅಂತಲೇ ತಿಳಿಯುತ್ತದೆ. ಎಮ್ಮೆಯ ಮೈಗೆ ಹಿಡಿದು ಅದು ಹೇಳಿದಂತೆ ಎಕ್ಸ್‌ಪೋಸ್ ಮಾಡಿದರೆ ಎಮ್ಮೆ ಬೂದುಬಣ್ಣಕ್ಕೆ ಬರುತ್ತದೆ. ಸುಣ್ಣ ಬಳಿದ ಗೋಡೆಗೆ ಹಿಡಿದರೆ ಗೋಡೆಯೂ ಅದೇ ಬೂದು. ಎಮ್ಮೆ 3ರಲ್ಲಿ ಇರಬೇಕು ಎಂದು ನಾವು ತೀರ್ಮಾನಿಸಿ ಎರಡು ಸ್ಟಾಪ್ ಕಡಿಮೆ ಕೊಡಬೇಕು. ಗೋಡೆ 7ರಲ್ಲಿರಲಿ ಅಂದರೆ ಎರಡು ಸ್ಟಾಪ್ ಹೆಚ್ಚು. ಒಂದು ಜಾಗವನ್ನು ಹೀಗೆ ನಾವಾಗಿ ಕೂರಿಸಿದ ಮೇಲೆ ಉಳಿದವೆಲ್ಲ ತಮ್ಮ ತಮ್ಮ ಜೋನಿಗೆ ಹೋಗಿ ಬೀಳುತ್ತವೆ. ಎಲ್ಲಿ ಬಿದ್ದವು ಎಂದು ಮೀಟರ್ ಹಿಡಿದು ನೋಡುವುದು ಮುಂದಿನ ಕೆಲಸ. ನೆರಳನ್ನು 3ರಲ್ಲಿ ಕೂರಿಸಿದಾಗ ಗೋಡೆ 9ಕ್ಕೆ ಹೋಗಿ ಬಿದ್ದಿದ್ದರೆ ಫಿಲ್ಮನ್ನು ರಾಸಾಯನಿಕದಲ್ಲಿ ಡೆವಲಪ್ ಮಾಡುವ ಹೊತ್ತನ್ನು ಕಡಿತ ಮಾಡಿ ಅದನ್ನು 8ಕ್ಕೆ ಇಳಿಸಬೇಕು. ಇದಕ್ಕೆ ಎನ್-1 ಎಂದು ಹೆಸರು; ಎನ್ ಅಂದರೆ ಮಾಮೂಲಿ ಡೆವಲಪಿಂಗ್. ಮೋಡ ಕವಿದ ದಿನ ಅತಿ ಬೆಳಕಿನ ಜಾಗ 7ಕ್ಕೇ ನಿಂತರೆ ಹೊತ್ತನ್ನು ಹೆಚ್ಚಿಸಿ 8ಕ್ಕೆ ಏರಿಸುವುದು ಎನ್+1. ಆರಂಭದ ಅಂದಾಜಿಗೆ ಎನ್-1ಕ್ಕೆ ಮಾಮೂಲಿ ಹೊತ್ತಿನ ಮುಕ್ಕಾಲು ಭಾಗ, ಎನ್+1ಕ್ಕೆ ಒಂದೂ ಕಾಲರಿಂದ ಒಂದೂವರೆ ಪಟ್ಟು. ಡೆವಲಪರ್ ಹೆಚ್ಚು ಹೊತ್ತು ಕೆಲಸ ಮಾಡಿದಷ್ಟೂ ನೆಗೆಟಿವಿನಲ್ಲಿ (ಅಲ್ಲಿ ಬೆಳಕೇ ಕಪ್ಪು) ಬೆಳಕಿನ ಭಾಗಗಳು ದಟ್ಟವಾಗುತ್ತ ಹೋಗುತ್ತವೆ. ನೆರಳಿನ ಭಾಗ ಬೇಗ ನಿಂತುಬಿಡುತ್ತದೆ, ಅಲ್ಲಿ ಬೆಳಕು ತಾಗಿದ ಬೆಳ್ಳಿಯೇ ಕಡಿಮೆ. ಅದಕ್ಕೇ ನೆರಳಿಗೆ ತಕ್ಕ ಎಕ್ಸ್‌ಪೋಷರ್, ಬೆಳಕಿಗೆ ತಕ್ಕ ಡೆವಲಪಿಂಗ್ ಎಂಬ ನಿಯಮ.

ಇದು ಕೈಗೆ ಹತ್ತಬೇಕಾದರೆ ಮೊದಲು ನಮ್ಮ ಫಿಲ್ಮಿನ ನಿಜವಾದ ವೇಗ, ಅಂದರೆ ಬೆಳಕಿಗೆ ಅದು ಎಷ್ಟು ಚುರುಕು ಎಂಬುದು, ಗೊತ್ತಿರಬೇಕು. ಡಬ್ಬಿಯ ಮೇಲಿನ ಸಂಖ್ಯೆ ಲ್ಯಾಬೊಂದರ ಸಂಖ್ಯೆ. ಸಮನಾದ ಬೆಳಕಿನಲ್ಲಿ ಒಂದು ಗ್ರೇ ಕಾರ್ಡ್ (ನಡುವಿನ ಬೂದುಬಣ್ಣದ ರಟ್ಟು) ಇಟ್ಟು, ಫ್ರೇಮ್ ತುಂಬಿಸಿ, ಫೋಕಸ್ಸನ್ನು ಅನಂತಕ್ಕೆ ಇಟ್ಟು ಕಾರ್ಡಿನ ನಾರು ಕಾಣದಂತೆ ಮಾಡಿ, ಮೀಟರ್ ಹೇಳಿದ್ದಕ್ಕಿಂತ ನಾಲ್ಕು ಸ್ಟಾಪ್ ಕಡಿಮೆ ಕೊಡಿ. ಅದು ಜೋನ್ 1. ಪಕ್ಕದ ಫ್ರೇಮನ್ನು ಖಾಲಿ ಬಿಡಿ. ಡೆವಲಪ್ ಆದ ಮೇಲೆ ಜೋನ್ 1ರ ದಟ್ಟಣೆ, ಅಂದರೆ ಫಿಲ್ಮ್ ಎಷ್ಟು ಕಪ್ಪಾಗಿದೆ ಎಂಬ ಅಳತೆ, ಖಾಲಿ ಫ್ರೇಮಿಗಿಂತ 0.10 ಹೆಚ್ಚಿರಬೇಕು. ಅದನ್ನು ಅಳೆಯುವ ಡೆನ್ಸಿಟೋಮೀಟರ್ ಇಲ್ಲದಿದ್ದರೆ ಲೈಟ್ ಟೇಬಲ್ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಂದು ಎಳೆ ವ್ಯತ್ಯಾಸ ಕಾಣಬೇಕು. ಕಾಣದಿದ್ದರೆ ಫಿಲ್ಮ್ ಡಬ್ಬಿ ಹೇಳುವಷ್ಟು ವೇಗದ್ದಲ್ಲ, 400 ಅಂದದ್ದನ್ನು 250 ಅಥವಾ 200 ಎಂದು ಇಟ್ಟುಕೊಂಡು ಮತ್ತೆ ಪರೀಕ್ಷಿಸಿ. ವೇಗ ಸಿಕ್ಕ ಮೇಲೆ ಅದೇ ಕಾರ್ಡಿಗೆ ಮೂರು ಸ್ಟಾಪ್ ಹೆಚ್ಚು ಕೊಟ್ಟು ಜೋನ್ 8 ತೆಗೆಯಿರಿ. ಪ್ರಿಂಟ್ ಮಾಡುವ ಎನ್‌ಲಾರ್ಜರ್ ಬೆಳಕನ್ನು ಚದುರಿಸುವ ಡಿಫ್ಯೂಷನ್ ಬಗೆಯದಾದರೆ ಅದರ ದಟ್ಟಣೆ 1.25ರಿಂದ 1.35, ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಬಗೆಯದಾದರೆ 1.15ರಿಂದ 1.25 ಬರಬೇಕು ಎಂಬುದು ಆಡಮ್ಸ್ ಕೊಟ್ಟ ಲೆಕ್ಕ. ಹೆಚ್ಚಿದ್ದರೆ ಹೊತ್ತು ಇಳಿಸಿ, ಕಡಿಮೆಯಿದ್ದರೆ ಏರಿಸಿ.

ಇಲ್ಲಿ ಕೆಡುವುದು ಬಹುಪಾಲು ಉಷ್ಣಾಂಶದಿಂದ. ಕೋಷ್ಟಕಗಳೆಲ್ಲ 20 ಡಿಗ್ರಿಗೆ ಬರೆದವು. ನಮ್ಮ ಕಡೆ ಬೇಸಿಗೆಯ ನಲ್ಲಿ ನೀರು ಅದನ್ನು ಎಂದೋ ದಾಟಿರುತ್ತದೆ. ಬಿಸಿಯಾದಷ್ಟೂ ಹೊತ್ತು ಇಳಿಸಬೇಕು, ಆದರೆ ಐದು ನಿಮಿಷಕ್ಕಿಂತ ಕೆಳಗಿಳಿದರೆ ಫಿಲ್ಮಿನ ಮೇಲೆ ಡೆವಲಪರ್ ಸಮನಾಗಿ ಹರಡುವ ಮುಂಚೆಯೇ ಕೆಲಸ ಮುಗಿದು ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಬಕೆಟ್ಟಿನಲ್ಲಿ ಐಸ್ ಹಾಕಿ, ಬಾಟಲಿಗಳನ್ನು ಅದರಲ್ಲಿ ಕೂರಿಸಿ ಉಷ್ಣಾಂಶ ಇಳಿಸುವುದೇ ಸರಿ.

ಈಗ ಹರ್ನಾಂಡೆಜ್‌ಗೆ ಬರೋಣ. 1941ರ ಶರತ್ಕಾಲದಲ್ಲಿ ಆಡಮ್ಸ್ ಅಮೆರಿಕದ ಒಳಾಡಳಿತ ಇಲಾಖೆಯ ಭಿತ್ತಿಚಿತ್ರ ಯೋಜನೆಯೊಂದಕ್ಕೆ ಚಿತ್ರ ತೆಗೆಯುತ್ತ ಓಡಾಡುತ್ತಿದ್ದ. ಕಾರಿನಲ್ಲಿ ಸ್ಯಾಂಟಾ ಫೆಗೆ ವಾಪಸಾಗುವಾಗ ಈ ನೋಟ ಕಂಡಿತು. ಗಾಡಿ ನಿಲ್ಲಿಸಿ 8-10 ಇಂಚಿನ ಕ್ಯಾಮೆರಾ ಹೂಡಿದ. ಭಾಗಗಳನ್ನು ಬಿಡಿಬಿಡಿಯಾಗಿ ಬಳಸಬಹುದಾದ ಕುಕ್ ಲೆನ್ಸಿನ 23 ಇಂಚಿನ ಭಾಗ, ಅದರ ಮುಂದೆ ಕಡು ಹಳದಿ ಫಿಲ್ಟರ್. ಫೋಕಸ್ ಆಯಿತು, ವೆಸ್ಟನ್ ಕಂಪನಿಯ ಲೈಟ್ ಮೀಟರ್ ಮಾತ್ರ ಸಿಗಲಿಲ್ಲ. ಬಿಸಿಲು ಶಿಲುಬೆಗಳಿಂದ ಜಾರುತ್ತಿತ್ತು. ಆಗ ನೆನಪಾದದ್ದು, ಚಂದ್ರನ ಪ್ರಕಾಶ ಚದರ ಅಡಿಗೆ 250 ಕ್ಯಾಂಡಲ್ ಎಂಬ ಸಂಖ್ಯೆ.

ಮುಂದಿನ ಲೆಕ್ಕವನ್ನು ಬಿಡಿಸಿ ನೋಡಿದರೆ ಜೋನ್ ಸಿಸ್ಟಮ್ ಏಕೆ ಬೇಕು ಎಂಬುದಕ್ಕೆ ಬೇರೆ ವಾದ ಬೇಡ. ಚಂದ್ರನನ್ನು ಜೋನ್ 7ರಲ್ಲಿ ಕೂರಿಸಿದ. 250 ಕ್ಯಾಂಡಲ್ 7ರಲ್ಲಿದ್ದರೆ 125 ಕ್ಯಾಂಡಲ್ 6ರಲ್ಲಿ, ಸುಮಾರು 60 ಕ್ಯಾಂಡಲ್ 5ರಲ್ಲಿ. ಅವನು ಬಳಸುತ್ತಿದ್ದ ಸೂತ್ರದಲ್ಲಿ ಫಿಲ್ಮ್ ವೇಗದ ವರ್ಗಮೂಲವೇ ಅಪರ್ಚರ್, ಜೋನ್ 5ರ ಕ್ಯಾಂಡಲ್ ಸಂಖ್ಯೆಯ ವಿಲೋಮವೇ ಶಟರ್. ಫಿಲ್ಮ್ 64ರದು, ವರ್ಗಮೂಲ 8. ಹಾಗಾಗಿ ಎಫ್/8ರಲ್ಲಿ 1/60 ಸೆಕೆಂಡು. ಫಿಲ್ಟರಿನ ಗುಣಕ 3, ಆದ್ದರಿಂದ ಎಫ್/8ರಲ್ಲಿ 1/20. ಎಫ್/8ರಿಂದ ಎಫ್/32ಕ್ಕೆ ನಾಲ್ಕು ಸ್ಟಾಪ್, ಅಂದರೆ 16 ಪಟ್ಟು. 16/20, ಹತ್ತಿರ ಹತ್ತಿರ ಒಂದು ಸೆಕೆಂಡು. ಎಫ್/32ರಲ್ಲಿ ಒಂದು ಸೆಕೆಂಡು ಕೊಟ್ಟ. ಫಿಲ್ಮ್ ಹೋಲ್ಡರ್ ತಿರುಗಿಸಿ ಎರಡನೆಯದು ತೆಗೆಯುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಇರುವುದು ಒಂದೇ ನೆಗೆಟಿವ್.

ಒಂದು ಸೆಕೆಂಡಿನಲ್ಲಿ ಚಂದ್ರ ಅಲುಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಭೂಮಿ ತಿರುಗುವುದರಿಂದ ಅದು ಸೆಕೆಂಡಿಗೆ 15 ಆರ್ಕ್ ಸೆಕೆಂಡಿನಷ್ಟು (ಒಂದು ಆರ್ಕ್ ಸೆಕೆಂಡು ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಸರಿಯುತ್ತದೆ. 23 ಇಂಚಿನ ಲೆನ್ಸಿನಲ್ಲಿ ಫಿಲ್ಮಿನ ಮೇಲೆ ಇದು ಒಂದು ಮಿಲಿಮೀಟರಿನ ಇಪ್ಪತ್ತೈದನೇ ಒಂದು ಭಾಗ. ಚಂದ್ರನ ಬಿಂಬವೇ ಐದು ಮಿಲಿಮೀಟರಿಗೂ ಮಿಗಿಲು, ಹಾಗಾಗಿ ಏನೂ ತಿಳಿಯುವುದಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಆಡಮ್ಸ್‌ಗೆ ಎಫ್ ಸಂಖ್ಯೆಗಳು ಬಾಯಿಪಾಠ, ತಾರೀಕುಗಳು ಮಾತ್ರ ನೆನಪಿರುತ್ತಿರಲಿಲ್ಲ. ಈ ಚಿತ್ರಕ್ಕೇ 1940ರಿಂದ 1944ರವರೆಗೆ ಬೇರೆ ಬೇರೆ ವರ್ಷಗಳನ್ನು ಕೊಟ್ಟಿದ್ದ. ಚಂದ್ರನ ಸ್ಥಾನದಿಂದ ಲೆಕ್ಕ ಹಾಕಿ ಮೊದಲು 1941ರ ಅಕ್ಟೋಬರ್ 31 ಎಂದರು. 1991ರಲ್ಲಿ ಖಗೋಳ ಬರಹಗಾರ ಡೆನ್ನಿಸ್ ಡಿ ಚಿಕ್ಕೋ ಅದನ್ನು ತಿದ್ದಿ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ ಎಂದು ತೋರಿಸಿದ.

ಮೀಟರಿಲ್ಲದೆ ತೆಗೆದದ್ದರಿಂದ ಉಳಿದ ಭಾಗಗಳು ಯಾವ ಜೋನಿಗೆ ಬಿದ್ದವು ಎಂದು ಗೊತ್ತಿರಲಿಲ್ಲ. ಚಂದ್ರನ ಕೆಳಗಿನ ಮೋಡಗಳು ಚಂದ್ರನಿಗಿಂತ ಎರಡು-ಮೂರು ಪಟ್ಟು ಪ್ರಕಾಶವಾಗಿದ್ದವು. ಮುಂಭಾಗ ಮಂಕಾಗಿತ್ತು. ಮೋಡ ಸುಟ್ಟುಹೋಗಬಾರದು, ಮುಂಭಾಗ ಸಾಯಬಾರದು. ಅದಕ್ಕೆ ವಾಟರ್ ಬಾತ್ ವಿಧಾನ ಹಿಡಿದ. ನೀರು ಬೆರೆಸಿದ ಡಿ-23 ಡೆವಲಪರಿನಲ್ಲಿ 30 ಸೆಕೆಂಡು, ಆಮೇಲೆ ಬರೀ ನೀರಿನಲ್ಲಿ ಅಲುಗಾಡಿಸದೆ ಎರಡು ನಿಮಿಷ, ಹೀಗೆ ಹತ್ತು ಆವರ್ತ. ಫಿಲ್ಮಿನ ಜೆಲಟಿನ್ ಪದರ ಹೀರಿಕೊಂಡ ಡೆವಲಪರ್ ಮೋಡದ ಜಾಗದಲ್ಲಿ ಬೇಗ ಖರ್ಚಾಗಿ ನಿಲ್ಲುತ್ತದೆ, ನೆರಳಿನಲ್ಲಿ ಖರ್ಚು ಕಡಿಮೆಯಾದ್ದರಿಂದ ನಿಧಾನವಾಗಿ ಕೆಲಸ ಮುಂದುವರಿಯುತ್ತದೆ.

ಡಿ-23 ಮನೆಯಲ್ಲೇ ಮಾಡಬಹುದಾದ ಡೆವಲಪರ್: 50 ಡಿಗ್ರಿಯಷ್ಟು ಬೆಚ್ಚಗಿನ 750 ಮಿಲಿಲೀಟರ್ ನೀರಿಗೆ 7.5 ಗ್ರಾಂ ಮೆಟಾಲ್, 100 ಗ್ರಾಂ ನಿರ್ಜಲ ಸೋಡಿಯಂ ಸಲ್ಫೈಟ್ ಹಾಕಿ, ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಬೇಕು. ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಪೂರ್ತಿ ಮೆಟಾಲ್, ಅದು ಕರಗಿದ ಮೇಲೆ ಉಳಿದ ಸಲ್ಫೈಟ್. ಸಲ್ಫೈಟ್ ಎಲ್ಲ ಮೊದಲೇ ಸುರಿದರೆ ಮೆಟಾಲ್ ಕರಗುವುದಿಲ್ಲ, ಬಿಳಿ ಪುಡಿ ತೇಲುತ್ತದೆ. ಚಿಟಿಕೆಯನ್ನೂ ಹಾಕದಿದ್ದರೆ ಮೆಟಾಲ್ ಗಾಳಿಗೆ ಕಂದುತ್ತದೆ. ಮೆಟಾಲ್ ಕೆಲವರ ಚರ್ಮಕ್ಕೆ ಆಗದು, ಕೈಗವಸು ಇರಲಿ. ಒಂದು ಮಾತು: ವಾಟರ್ ಬಾತ್ ಈಗಿನ ಫಿಲ್ಮುಗಳಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಪದರ ತೆಳ್ಳಗಾಗಿ ಡೆವಲಪರ್ ಹೀರುವುದೇ ಕಡಿಮೆಯಾಗಿದೆ. ಅದರ ಬದಲು ಡಿ-23ರಲ್ಲಿ ಐದಾರು ನಿಮಿಷ ಇಟ್ಟು, ನಡುವೆ ತೊಳೆಯದೆ, ಲೀಟರಿಗೆ 10 ಗ್ರಾಂ ಬೋರಾಕ್ಸ್ ಕರಗಿಸಿದ ನೀರಿಗೆ ಮೂರು ನಿಮಿಷ ಹಾಕುವುದು ಚಾಲ್ತಿಯಲ್ಲಿರುವ ದಾರಿ.

ಇಷ್ಟಾದರೂ ನೆಗೆಟಿವ್ ಹಟಮಾರಿಯೇ. ಮುಂಭಾಗ ತೆಳುವಾಗಿತ್ತು. 1948ರಲ್ಲಿ ಆಡಮ್ಸ್ ಒಂದು ಎದೆಗಾರಿಕೆಯ ಕೆಲಸ ಮಾಡಿದ. ಇರುವ ಒಂದೇ ನೆಗೆಟಿವನ್ನು ಮತ್ತೆ ಫಿಕ್ಸ್ ಮಾಡಿ (ಚಿತ್ರವನ್ನು ಕಾಯಂ ಮಾಡುವ ದ್ರಾವಣದಲ್ಲಿಟ್ಟು), ತೊಳೆದು, ದಿಗಂತದ ಕೆಳಗಿನ ಭಾಗವನ್ನಷ್ಟೇ ನೀರು ಬೆರೆಸಿದ ಕೊಡಾಕ್ ಐಎನ್-5 ಇಂಟೆನ್ಸಿಫೈಯರಿನಲ್ಲಿ ಅದ್ದಿ ತೆಗೆದು, ತೊಳೆದು, ಮತ್ತೆ ಅದ್ದಿ, ಸುಮಾರು ಹನ್ನೆರಡು ಸಲ ಮಾಡಿ ದಟ್ಟಣೆ ಏರಿಸಿದ. ದ್ರಾವಣದ ಅಂಚು ಒಂದೇ ಕಡೆ ನಿಂತರೆ ಅಲ್ಲಿ ಅಳಿಸಲಾಗದ ಗೆರೆ ಬೀಳುತ್ತದೆ. ಕೈ ಮೇಲೆ ಕೆಳಗೆ ಆಡುತ್ತಲೇ ಇರಬೇಕಾದದ್ದು ಅದಕ್ಕೆ. ನನಗೆ ಅವನ ಇಡೀ ಬದುಕಿನಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವ ಹನ್ನೆರಡು ನಿಮಿಷ ಇದೇ.

ಆಮೇಲಿನದು ಪ್ರಿಂಟಿಂಗ್. ಈ ಒಂದು ನೆಗೆಟಿವಿನಿಂದಲೇ 1,300ಕ್ಕೂ ಹೆಚ್ಚು ಪ್ರಿಂಟ್ ಮಾಡಿದ, ಎಲ್ಲವೂ ಅವನ ಕೈಯಿಂದಲೇ. 1962ರಲ್ಲಿ ಕಾರ್ಮೆಲ್ ಹೈಲ್ಯಾಂಡ್ಸ್‌ನಲ್ಲಿ ಕಟ್ಟಿಕೊಂಡ ಡಾರ್ಕ್‌ರೂಮಿನಲ್ಲಿ 8-10 ಇಂಚಿನ ನೆಗೆಟಿವಿಗೆ ಹಳಿಯ ಮೇಲೆ ಚಲಿಸುವ ಅಡ್ಡ ಎನ್‌ಲಾರ್ಜರ್ ಇತ್ತು. ಅದರ ಬೆಳಕಿನ ಪೆಟ್ಟಿಗೆಯಲ್ಲಿ 36 ಬಲ್ಬು, ಪ್ರತಿಯೊಂದಕ್ಕೂ ಬೇರೆ ಸ್ವಿಚ್ಚು. ನೆಗೆಟಿವಿನ ಒಂದು ಮೂಲೆ ತೆಳುವಾಗಿದ್ದರೆ ಅಲ್ಲಿನ ಬಲ್ಬು ಆರಿಸಿದರೆ ಆಯಿತು. ಗಡಿಯಾರದ ಬದಲು ಮೆಟ್ರೊನೋಮ್ ಟಿಕ್ ಟಿಕ್ ಎನ್ನುತ್ತಿತ್ತು. ಪಿಯಾನೋದವನಲ್ಲವೇ. ಇದರಲ್ಲಿ ಅನುಕೂಲವೂ ಇದೆ: ಕಣ್ಣನ್ನು ಕಾಗದದಿಂದ ಎತ್ತದೆ, ಕಿವಿಯಲ್ಲೇ ಸೆಕೆಂಡು ಎಣಿಸುತ್ತ ಎರಡೂ ಕೈಗಳಿಂದ ಡಾಡ್ಜ್ (ಬೆಳಕು ತಡೆಯುವುದು), ಬರ್ನ್ (ಹೆಚ್ಚು ಬೆಳಕು ಕೊಡುವುದು) ಮಾಡಬಹುದು.

ಚಂದ್ರೋದಯದ ಆಕಾಶವನ್ನು ಕಪ್ಪಾಗಿಸುವುದು ಬರ್ನಿಂಗ್‌ನಿಂದ. ಮೂಲ ಎಕ್ಸ್‌ಪೋಷರ್ ಮುಗಿದ ಮೇಲೆ ರಟ್ಟಿನಿಂದ ಕೆಳಗಿನ ಭಾಗ ಮುಚ್ಚಿ, ಬೆಟ್ಟದ ಸಾಲಿನಿಂದ ಮೇಲಕ್ಕೆ ಆಕಾಶಕ್ಕೆ ಹೆಚ್ಚುವರಿ ಬೆಳಕು. ರಟ್ಟು ಕಾಗದದಿಂದ ಒಂದಡಿಯಾದರೂ ದೂರವಿದ್ದು ಸದಾ ಆಡುತ್ತಿರಬೇಕು. ತಟಸ್ಥವಾಗಿ ಹಿಡಿದರೆ ಬೆಟ್ಟದ ಮೇಲೆ ಪ್ರಭಾವಳಿಯಂತೆ ಬಿಳಿ ಅಂಚು ಉಳಿಯುತ್ತದೆ, ಅಥವಾ ಬೆಟ್ಟದ ತಲೆ ಕಪ್ಪಾಗುತ್ತದೆ. ಮೂಲ ಎಕ್ಸ್‌ಪೋಷರ್ ಹತ್ತು ಸೆಕೆಂಡಿಗಿಂತ ಕಡಿಮೆಯಾದರೆ ಇಷ್ಟೆಲ್ಲ ಕೈಯಾಡಿಸಲು ಪುರಸೊತ್ತಾಗದು. ಲೆನ್ಸಿನ ಕಂಡಿ ಕಿರಿದು ಮಾಡಿ 25-30 ಸೆಕೆಂಡಿಗೆ ತಂದುಕೊಳ್ಳಿ.

ಡೆವಲಪರ್ ಬಳಲುತ್ತ ಹೋದಂತೆ ಮೊದಲ ಪ್ರಿಂಟೂ ಹತ್ತನೆಯದೂ ಒಂದೇ ಥರ ಬರಲು ಆಡಮ್ಸ್ ಗುಣಕದ ವಿಧಾನ ಬಳಸುತ್ತಿದ್ದ. ಟ್ರೇಯಲ್ಲಿ ಕಾಗದದ ಮೇಲೆ ಒಂದು ಗೊತ್ತಾದ ಮಧ್ಯಮ ಛಾಯೆ ಮೊದಲು ಎಷ್ಟು ಸೆಕೆಂಡಿಗೆ ಇಣುಕಿತು ಎಂದು ನೋಡಬೇಕು. 20 ಸೆಕೆಂಡಿಗೆ ಇಣುಕಿ, ಒಳ್ಳೆಯ ಪ್ರಿಂಟಿಗೆ ಎರಡು ನಿಮಿಷ ಬೇಕಾಗಿದ್ದರೆ ಗುಣಕ 6. ಮುಂದೆ ಡೆವಲಪರ್ ಸುಸ್ತಾಗಿ 25 ಸೆಕೆಂಡಿಗೆ ಇಣುಕಿದರೆ 150 ಸೆಕೆಂಡು ಇಡಬೇಕು. ಉಷ್ಣಾಂಶದ ಏರುಪೇರೂ ಇದರಲ್ಲೇ ಸರಿಹೋಗುತ್ತದೆ.

ಎಲ್ಲರೂ ಎಡವುವುದು ಒಣಗಿದ ಮೇಲೆ. ಫೈಬರ್ ಕಾಗದ ಒದ್ದೆಯಿದ್ದಾಗ ಹೊಳೆಯುವ ಬಿಳುಪು ಒಣಗಿದರೆ ಒಂದು ಮಟ್ಟ ಮಂಕಾಗುತ್ತದೆ. ಒದ್ದೆಯಲ್ಲಿ ಸರಿಯಾಗಿ ಕಂಡ ಪ್ರಿಂಟ್ ಒಣಗಿದಾಗ ಕತ್ತಲು. ಆಡಮ್ಸ್ ಪರೀಕ್ಷೆಯ ತುಂಡುಗಳನ್ನು ಮೈಕ್ರೋವೇವ್ ಒಲೆಯಲ್ಲಿ ಒಣಗಿಸಿ ನೋಡಿಕೊಳ್ಳುತ್ತಿದ್ದ. ಸಾಮಾನ್ಯವಾಗಿ ಎಕ್ಸ್‌ಪೋಷರನ್ನು ಶೇಕಡಾ 5ರಿಂದ 10 ಇಳಿಸಿದರೆ ಸರಿಹೋಗುತ್ತದೆ, ಕಾಗದದಿಂದ ಕಾಗದಕ್ಕೆ ವ್ಯತ್ಯಾಸವಿದೆ. ಕೊನೆಗೆ ಸೆಲೆನಿಯಂ ಟೋನರ್: ಕಪ್ಪು ಇನ್ನಷ್ಟು ಆಳವಾಗುತ್ತದೆ, ಬೆಳ್ಳಿ ಹೆಚ್ಚು ಕಾಲ ಬಾಳುತ್ತದೆ. ಫಿಕ್ಸರ್ ಸರಿಯಾಗಿ ಆಗಿರದಿದ್ದರೆ ಟೋನರಿನಲ್ಲಿ ಹಳದಿ ಕಲೆಗಳೆದ್ದು ಪ್ರಿಂಟ್ ಹಾಳು. ಎರಡು ಟ್ರೇ ಫಿಕ್ಸರ್ ಇಡುವುದು ಇದಕ್ಕೇ.

ನಲವತ್ತರ ದಶಕದ ಪ್ರಿಂಟುಗಳಲ್ಲಿ ಚಂದ್ರನ ಸುತ್ತ ಮೋಡದ ಎಳೆಗಳು ಕಾಣುತ್ತವೆ, ಆಕಾಶ ಬೂದು. ಎಪ್ಪತ್ತರ ದಶಕದವುಗಳಲ್ಲಿ ಆಕಾಶ ಪೂರ್ತಿ ಕಪ್ಪು. ಬೇರೆ ಚಿತ್ರಗಳಲ್ಲೂ ಹೀಗೇ: ವಯಸ್ಸಾದಂತೆ ಪ್ರಿಂಟ್ ಕಪ್ಪಾಗುತ್ತ, ಕಾಂಟ್ರಾಸ್ಟ್ ಏರುತ್ತ ಬಂತು. ತಾನು ಆ ಸಂಜೆ ಮನಸ್ಸಿನಲ್ಲಿ ಕಂಡದ್ದು ಅದೇ, ಮೊದಲು ಸಾಧಿಸಲಾಗಿರಲಿಲ್ಲ ಎಂಬುದು ಅವನ ನಿಲುವು. ಚಂದ್ರೋದಯದ ಮಟ್ಟಿಗೆ ನಾನು ಅವನ ಮಾತು ಒಪ್ಪುತ್ತೇನೆ. ಯೋಸೆಮಿಟಿಯ ಕೆಲವು ಚಿತ್ರಗಳಲ್ಲಿ ಮಾತ್ರ ಹಳೆಯ ಪ್ರಿಂಟಿನ ತಿಳಿಬೆಳಕೇ ಹೆಚ್ಚು ಉಸಿರಾಡುತ್ತದೆ.

ಬೆಟ್ಟಗಳಷ್ಟೇ ಅವನ ವಿಷಯ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. 1943-44ರಲ್ಲಿ, ಯುದ್ಧದ ನೆಪದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ್ದ ಮನ್ಜಾನಾರ್ ಶಿಬಿರಕ್ಕೆ ಹೋಗಿ ಅಲ್ಲಿನ ಜನರ ಮುಖಗಳನ್ನು ತೆಗೆದ. ಆ ಚಿತ್ರಗಳನ್ನು 1965ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟ. ಅದೇ ಓಡಾಟದಲ್ಲಿ ಲೋನ್ ಪೈನ್ ಊರಿನ ಬಳಿ ತೆಗೆದ ಚಳಿಗಾಲದ ಸೂರ್ಯೋದಯದಲ್ಲಿ, ಗುಡ್ಡದ ಮೇಲೆ ಶಾಲೆಯ ಹುಡುಗರು ಕಲ್ಲುಗಳಿಗೆ ಸುಣ್ಣ ಬಳಿದು ಬರೆದಿದ್ದ ಊರಿನ ಹೆಸರಿನ ಎರಡು ಅಕ್ಷರಗಳಿದ್ದವು. ಅವನ್ನು ಅವನು ಅಳಿಸಿದ. ಇದ್ದದ್ದನ್ನು ಇದ್ದಂತೆ ತೋರಿಸುವ ಗುಂಪು ಕಟ್ಟಿದವನೇ ಹೀಗೆ ಮಾಡಿದ ಎಂದು ಆಕ್ಷೇಪಿಸಿದವರಿದ್ದಾರೆ. ಛಾಯೆಯನ್ನು ಬದಲಿಸುವುದಕ್ಕೂ ವಸ್ತುವನ್ನೇ ತೆಗೆಯುವುದಕ್ಕೂ ವ್ಯತ್ಯಾಸವಿದೆ, ಆ ಆಕ್ಷೇಪದಲ್ಲಿ ಹುರುಳಿದೆ.

ಸಲಕರಣೆಯ ವಿಷಯದಲ್ಲಿ ಅವನಿಗೆ ಮಡಿವಂತಿಕೆ ಇರಲಿಲ್ಲ. 1960ರಲ್ಲಿ ಹಾಫ್ ಡೋಮ್ ಮೇಲಿನ ಚಂದ್ರನನ್ನು ತೆಗೆದದ್ದು ರೋಲ್ ಫಿಲ್ಮಿನ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ ಮತ್ತು 250 ಮಿಲಿಮೀಟರ್ ಲೆನ್ಸಿನಲ್ಲಿ. ರೋಲ್ ಫಿಲ್ಮಿನಲ್ಲಿ ಒಂದೊಂದು ಚಿತ್ರವನ್ನು ಬೇರೆ ಬೇರೆ ಹೊತ್ತು ಡೆವಲಪ್ ಮಾಡಲಾಗದು. ಅದಕ್ಕೆ ಎನ್, ಎನ್+1, ಎನ್-1 ಎಂದು ಗುರುತು ಹಾಕಿದ ಬೇರೆ ಬೇರೆ ಫಿಲ್ಮ್ ಬ್ಯಾಕ್ ಇಟ್ಟುಕೊಂಡು, ಬೆಳಕು ನೋಡಿ ಬ್ಯಾಕ್ ಬದಲಿಸುತ್ತಿದ್ದ. ತಕ್ಷಣವೇ ಚಿತ್ರ ಕೊಡುವ ಫಿಲ್ಮ್ ಮಾಡುತ್ತಿದ್ದ ಪೋಲರಾಯ್ಡ್ ಕಂಪನಿಗೆ ದಶಕಗಳ ಕಾಲ ಸಲಹೆಗಾರನಾಗಿದ್ದ. 1968ರ ಎಲ್ ಕ್ಯಾಪಿಟನ್ ಚಿತ್ರ ಪೋಲರಾಯ್ಡ್ ಟೈಪ್ 55 ಫಿಲ್ಮಿನದು. 1984ರಲ್ಲಿ ತೀರಿಕೊಳ್ಳುವ ಮುನ್ನವೇ, ಮುಂದಿನದು ಎಲೆಕ್ಟ್ರಾನಿಕ್ ಚಿತ್ರದ ಕಾಲ ಎಂದು ಉತ್ಸಾಹದಿಂದ ಬರೆದಿದ್ದ.

ಆ ಕಾಲದಲ್ಲಿರುವ ನಾವು ನಿಯಮವನ್ನು ತಲೆಕೆಳಗು ಮಾಡಬೇಕು. ನೆಗೆಟಿವ್ ಫಿಲ್ಮಿನಲ್ಲಿ ಕೈಬಿಟ್ಟು ಹೋಗುವುದು ನೆರಳು, ಡಿಜಿಟಲ್‌ನಲ್ಲಿ ಬೆಳಕು. ಸೆನ್ಸರ್ ತುಂಬಿ ಹರಿದ ಜಾಗದಲ್ಲಿ ಮತ್ತೇನೂ ಸಿಗುವುದಿಲ್ಲ. ಹಾಗಾಗಿ ವಿವರ ಬೇಕಾದ ಅತಿ ಬೆಳಕಿನ ಜಾಗಕ್ಕೆ ಸ್ಪಾಟ್ ಮೀಟರ್ ಹಿಡಿದು, ಅದನ್ನು 7 ಅಥವಾ ಏಳೂವರೆಯಲ್ಲಿ ಕೂರಿಸಿ, ಅಂದರೆ ಮೀಟರಿಗಿಂತ ಎರಡರಿಂದ ಎರಡೂವರೆ ಸ್ಟಾಪ್ ಹೆಚ್ಚು. ಸೆನ್ಸರ್ ಹಿಡಿದದ್ದನ್ನೆಲ್ಲ ಉಳಿಸುವ ರಾ ಫೈಲಿನಲ್ಲೇ ತೆಗೆಯಿರಿ. ಕ್ಯಾಮೆರಾದ ಪರದೆಯಲ್ಲಿ ಮಿನುಗಿ ಎಚ್ಚರಿಸುವ ಭಾಗಗಳು ಜೆಪೆಗ್ ಲೆಕ್ಕದವು, ರಾ ಫೈಲಿನಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚೇ ಜಾಗ ಇರುತ್ತದೆ. ಎಷ್ಟು ಎಂಬುದು ಕ್ಯಾಮೆರಾಕ್ಕೊಂದು ಥರ, ಬಿಳಿ ಗೋಡೆಯನ್ನು ಮೂರನೇ ಒಂದು ಸ್ಟಾಪಿನಂತೆ ಏರಿಸುತ್ತ ತೆಗೆದು ತೆರೆದು ನೋಡಿದರೆ ತಿಳಿಯುತ್ತದೆ. ಹುಣ್ಣಿಮೆಯ ಚಂದ್ರನಿಗೆ ಮೀಟರೇ ಬೇಡ: ಎಫ್/11, ಐಎಸ್‌ಒ 100ಕ್ಕೆ 1/100 ಸೆಕೆಂಡು. ಫಿಲ್ಟರ್ ಬಿಟ್ಟು ನೋಡಿದರೆ ಆಡಮ್ಸ್ ಕೊಟ್ಟದ್ದು ಇದಕ್ಕಿಂತ ಒಂದೇ ಸ್ಟಾಪ್ ಹೆಚ್ಚು.

ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ಚಿತ್ರ ಪ್ರಿಂಟಿನಲ್ಲಿ ಕಪ್ಪಾಗಿ ಬಂತು ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಮಾನಿಟರಿನ ಬೆಳಕು. ಹೊಸ ಮಾನಿಟರುಗಳನ್ನು ಅಂಗಡಿಯಲ್ಲಿ ಕಣ್ಣು ಕುಕ್ಕುವಂತೆ ಇಟ್ಟಿರುತ್ತಾರೆ. ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಕ್ಕೆ ಇಳಿಸಿ. ಅಳೆಯುವ ಸಾಧನ ಇಲ್ಲದಿದ್ದರೆ ಒಂದು ಬಿಳಿ ಹಾಳೆಯನ್ನು ಪ್ರಿಂಟ್ ನೋಡುವ ದೀಪದ ಕೆಳಗೆ ಹಿಡಿದು, ಮಾನಿಟರಿನ ಖಾಲಿ ಬಿಳಿ ಪುಟ ಅದಕ್ಕೆ ಸರಿಹೊಂದುವವರೆಗೆ ತಗ್ಗಿಸಿ. ಇಂಕ್‌ಜೆಟ್ ಪ್ರಿಂಟನ್ನೂ ಬಂದ ಕೂಡಲೇ ತೀರ್ಮಾನಿಸಬೇಡಿ, ಶಾಯಿ ಒಂದು ದಿನ ಆರಲಿ. ಚಿತ್ರ ಕೊನೆಗೆ ಯಾವ ಗೋಡೆಯ ಮೇಲೆ, ಯಾವ ದೀಪದಡಿ ತೂಗುತ್ತದೋ ಅದೇ ಬೆಳಕಿನಲ್ಲಿ ನೋಡಿ, ಆಮೇಲೆ ಎರಡನೆಯ ಪ್ರಿಂಟ್ ಹಾಕಿಸಿ.